ಊಟದ ಮೇಜಿನ ಮೇಲಿನ ರೈಲು

ನಮ್ಮೂರಿನಲ್ಲಿ ಬೆಳಗ್ಗೆ ಕಸ ಗುಡಿಸಿದ ಮೇಲೆ ಯಾರೂ ಅದನ್ನು ಹಾಗೇ ಬಾಚಿ ಎಸೆಯುವುದಿಲ್ಲ. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಜರಡಿಯನ್ನು ತೆಗೆದುಕೊಂಡು, ಜಗಲಿಯಲ್ಲಿ ಕೂತು, ಕಸವನ್ನು ಜರಡಿ ಹಿಡಿದು, ಮೇಲೆ ನಿಂತದ್ದನ್ನು ಬೆರಳಿನಿಂದ ಕೆದಕಿ ನೋಡಿ, ಆಮೇಲೆ ಎಸೆಯುತ್ತೇವೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಕಣ್ಣು ಚುರುಕಾಗಿದೆಯೇ ಎಂದು ಕೇಳುತ್ತಾರೆ. ಏಕೆಂದರೆ ನಮ್ಮಲ್ಲಿ ಕಳೆದುಹೋದ ವಸ್ತು ಸಿಕ್ಕೇ ಸಿಗುತ್ತದೆ, ಆದರೆ ಚಿಕ್ಕದಾಗಿ ಸಿಗುತ್ತದೆ. ಕೊಡೆ ಕಳೆದರೆ ಲವಂಗದಷ್ಟು ಕೊಡೆ, ಚೊಂಬು ಕಳೆದರೆ ಮೆಣಸಿನ ಕಾಳಿನಷ್ಟು ಚೊಂಬು. ಕೊಡೆ ಬಿಚ್ಚಿಕೊಳ್ಳುತ್ತದೆ, ಚೊಂಬಿನಲ್ಲಿ ನೀರು ನಿಲ್ಲುತ್ತದೆ, ರೇಡಿಯೋ ಆದರೆ ಸೊಳ್ಳೆಯ ದನಿಯಲ್ಲಿ ವಾರ್ತೆಯನ್ನೂ ಓದುತ್ತದೆ. ದನಕರುಗಳಿಗೆ, ಮಕ್ಕಳಿಗೆ ಈ ನಿಯಮ ಇಲ್ಲ. ಅವಕ್ಕೆ ಕಾಲಿವೆ, ಹೊಟ್ಟೆ ಹಸಿದಾಗ ಇದ್ದ ಗಾತ್ರದಲ್ಲೇ ಮನೆಗೆ ಬರುತ್ತವೆ.

ಬರೀ ಕಳೆದರೆ ಸಾಲದು, ಕಳೆದೆ ಎಂದು ಒಪ್ಪಿಕೊಳ್ಳಬೇಕು. ಬೀದಿಗೆ ಮುಖ ಮಾಡಿ ನಿಂತು, ನಾಲ್ಕು ಜನಕ್ಕೆ ಕೇಳುವಂತೆ "ಕಳೆದುಹೋಯ್ತು" ಎನ್ನಬೇಕು. ಬಾಯಲ್ಲಿ ಹಾಗೆಂದು ಮನಸ್ಸಿನಲ್ಲಿ "ಇಲ್ಲೇ ಎಲ್ಲೋ ಇದೆ" ಎಂದುಕೊಂಡರೆ ಜರಡಿಗೆ ಮಣ್ಣಷ್ಟೇ ಗತಿ. ಮೂಲೆಮನೆಯ ಜೋಡಿದಾರರ ಉಂಗುರ ಕಾಣೆಯಾದ ಮೇಲೆ ಅವರಿಗೆ ಮೊಮ್ಮಗ ಹುಟ್ಟಿ, ಆ ಮೊಮ್ಮಗನಿಗೆ ಮೀಸೆಯೂ ಬಂತು. ಅವರು ಮಾತ್ರ ಇಂದಿಗೂ "ಇಲ್ಲೇ ಎಲ್ಲೋ ಇದೆ" ಎಂದು ಹಾಸಿಗೆ ಕೊಡವುತ್ತಿದ್ದಾರೆ. ಇನ್ನೊಂದು ಮಾತು, ಆ ವಸ್ತು ಎಲ್ಲಿದೆ ಎಂದು ಯಾರೊಬ್ಬರಿಗೂ ಗೊತ್ತಿರಬಾರದು. "ಕದ್ದದ್ದು ಕಳೆದದ್ದಲ್ಲ" ಎಂದು ನಮ್ಮಲ್ಲಿ ಗಾದೆಯೇ ಇದೆ, ಕಳ್ಳನಿಗೆ ಗೊತ್ತಿರುತ್ತದಲ್ಲ. ಹಾಗಾಗಿ ಪೊಲೀಸಿನವರು ದೂರು ಬರೆದುಕೊಳ್ಳುವ ಮೊದಲು "ಜರಡಿ ಹಿಡಿದಿರಾ?" ಎಂದು ಕೇಳುತ್ತಾರೆ.

ನಾನು ಅಂಬುಜಾಕ್ಷಿ. ನಮ್ಮನೆಯವರು ರಂಗಧಾಮಯ್ಯ, ಪೇಟೆಬೀದಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟವರು. ಮದುವೆಯಾದ ಹೊಸದರಲ್ಲಿ ಒಳ್ಳೆಯ ಮನುಷ್ಯರಾಗಿದ್ದರು. ಈಗಲೂ ಒಳ್ಳೆಯವರೇ, ಆದರೆ ನಡುವೆ ರೈಲು ಬಂತು.

ರೈಲು ಬಂದದ್ದು ಒಂದು ಸೈಕಲ್ಲಿನಿಂದ. ಪಕ್ಕದ ಮನೆಯ ಚೌಡಪ್ಪ ಮೇಷ್ಟ್ರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವರು, ಊರಿಗೆಲ್ಲ ದೊಡ್ಡ ಮರೆಗುಳಿ. ಅವರ ಹೆಂಡತಿ ಸಾವಂತ್ರಮ್ಮ ಮನೆಯ ಸೌಟು, ಬೀಗದಕೈ, ಮೇಷ್ಟ್ರ ಕನ್ನಡಕ ಎಲ್ಲಕ್ಕೂ ದಾರ ಕಟ್ಟಿ ನಡುಮನೆಯ ಕಂಬಕ್ಕೆ ಬಿಗಿದಿದ್ದಾರೆ. ಮೇಷ್ಟ್ರು ಪೇಪರು ಓದಬೇಕೆಂದರೆ ಕಂಬದ ಹತ್ತಿರ ಹೋಗಿ ನಿಲ್ಲಬೇಕು. ಸೈಕಲ್ಲಿಗೆ ದಾರ ಕಟ್ಟಲು ಆಗುತ್ತದೆಯೇ? ಅದು ಹೆಬ್ಬೆರಳ ತುದಿಯಷ್ಟಾಗಿ ನಮ್ಮ ಮನೆಯ ಜರಡಿಗೆ ಬಂತು. ಯಾರ ಜರಡಿಗೆ ಬಂದರೂ ಒಡೆಯರಿಗೆ ಒಪ್ಪಿಸುವುದು ನಮ್ಮ ಪದ್ಧತಿ, ಹಾಗಾಗಿ ಒಯ್ದು ಕೊಟ್ಟೆ.

"ಇದನ್ನಿಟ್ಕೊಂಡು ನಾನೇನು ಮಾಡ್ಲಿ ತಾಯಿ, ಹತ್ತೋಕಾಗತ್ತಾ? ನೀವೇ ಇಟ್ಕೊಳ್ಳಿ," ಎಂದರು ಮೇಷ್ಟ್ರು.

ನಮ್ಮನೆಯವರು ಅದನ್ನು ಊಟದ ಮೇಜಿನ ಮೇಲೆ ಇಟ್ಟು, ಅದರ ಗಂಟೆ ಬಾರಿಸಿ ನೋಡಿ ಹಿಗ್ಗಿದರು. ಆಮೇಲೆ ಸನ್ಯಾಸಿ ಬೆಕ್ಕು ಸಾಕಿದ ಕಥೆಯೇ ಆಯಿತು. ಸೈಕಲ್ಲಿಗೆ ಒರಗಲು ಗೋಡೆ ಬೇಕೆಂದು ಒಂದು ಬೆಂಕಿಪೊಟ್ಟಣ ನಿಲ್ಲಿಸಿದರು. ಗೋಡೆ ಬಂದ ಮೇಲೆ ಅದಕ್ಕೆ ಬಾಗಿಲು, ಕಿಟಕಿ. ಮನೆಯಾದ ಮೇಲೆ ಅದರ ಮುಂದೆ ರಸ್ತೆ. ರಸ್ತೆ ಎಂದ ಮೇಲೆ ಅದು ಎಲ್ಲಿಗಾದರೂ ಹೋಗಬೇಕಲ್ಲ, ಅದಕ್ಕೊಂದು ಸ್ಟೇಷನ್. ಸ್ಟೇಷನ್ ಕಟ್ಟಿ ರೈಲಿಲ್ಲದೆ ಇರಲು ಬರುತ್ತದೆಯೇ? ಈಗಿನ ನಿಜವಾದ ರೈಲು ನಮ್ಮೂರಿನ ಹೊರಗೆ ಹಾಯ್ದು ಹೋಗುತ್ತದೆ, ನಿಲ್ಲುವುದಿಲ್ಲ. ನಮ್ಮ ಮೇಜಿನ ಮೇಲಾದರೂ ನಿಲ್ಲಲಿ ಎಂದು ಅವರ ವಾದ.

ಆ ಮೇಜು ನನ್ನ ತವರಿನವರು ಕೊಟ್ಟದ್ದು, ತೇಗದ್ದು. ಅದರ ಮೇಲೆ ಬೆಟ್ಟ ಬೆಳೆಯಿತು. ಹಳೆಯ ಪೇಪರನ್ನು ಮೈದಾ ಅಂಟಿನಲ್ಲಿ ನೆನೆಸಿ, ಹರಕು ಬಟ್ಟೆಯ ಮೇಲೆ ಹಚ್ಚಿ ಬೆಟ್ಟ ಮಾಡಿದರು. ಅಂಗಡಿಯಲ್ಲಿ ಉದುರಿದ ಮರದ ಹೊಟ್ಟಿಗೆ ಹಸಿರು ಬಣ್ಣ ಕಲೆಸಿ ಹುಲ್ಲು ಮಾಡಿದರು. ಒಡೆದ ಕನ್ನಡಿಯ ಚೂರು ಕೆರೆಯಾಯಿತು. ಮುರಿದ ಕೊಡೆಗಳ ಕಡ್ಡಿಗಳು ಹಳಿಗಳಾದವು, ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದ ಬೆಂಕಿಕಡ್ಡಿಗಳು ಹಳಿಯ ಅಡಿಯ ಮರದ ಪಟ್ಟಿಗಳಾದವು. ಡಿಕಾಕ್ಷನ್ ಯಾರದು ಎಂದು ಹೇಳಬೇಕಿಲ್ಲ. ಹಳಿಗಳ ನಡುವೆ ಜಲ್ಲಿ ಬೇಕೆಂದು ನಾನು ಮನೆಯಲ್ಲಿಲ್ಲದಾಗ ಡಬ್ಬಿಯಲ್ಲಿದ್ದ ಉಪ್ಪಿಟ್ಟಿನ ರವೆಯನ್ನು ಸುರಿದರು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಇರುವೆಗಳು ಇಡೀ ರೈಲುದಾರಿಯ ಜಲ್ಲಿಯನ್ನು ಹೊತ್ತುಕೊಂಡು ಗೋಡೆಯ ಬಿರುಕಿನೊಳಗೆ ಸಾಲಾಗಿ ಹೋಗುತ್ತಿದ್ದವು.

"ನೋಡೇ, ನಮ್ಮ ಮೊದಲ ಗೂಡ್ಸ್ ಗಾಡಿ," ಎಂದು ಅವರು ನಕ್ಕರು. ನಾನು ನಗಲಿಲ್ಲ. ಅವತ್ತು ಉಪ್ಪಿಟ್ಟೂ ಆಗಲಿಲ್ಲ.

ಸುದ್ದಿ ಊರಿಗೆ ಹಬ್ಬಿತು. ಡ್ರಾಯರುಗಳಲ್ಲಿ, ಕುಂಕುಮದ ಭರಣಿಗಳಲ್ಲಿ ಚಿಕ್ಕ ಸಾಮಾನು ಇಟ್ಟುಕೊಂಡು ಏನು ಮಾಡುವುದೆಂದು ತಿಳಿಯದೆ ಇದ್ದವರೆಲ್ಲ ತಂದು ಒಪ್ಪಿಸತೊಡಗಿದರು. ಕೊಡೆಗಳು, ಚಪ್ಪಲಿಗಳು, ಟ್ರಂಕುಗಳು, ಮೇಷ್ಟ್ರು ಆಮೇಲೆ ಕಳೆದ ಇನ್ನಷ್ಟು ಸೈಕಲ್ಲುಗಳು. ಕ್ಯಾಂಪು ಹಾಕಿದ್ದ ನಾಟಕದ ಕಂಪನಿಯವರು ಕಳೆದುಕೊಂಡ ಸಿಂಹಾಸನ ಬಂತು. ಅದನ್ನು ಸ್ಟೇಷನ್ ಮಾಸ್ತರರ ಕುರ್ಚಿ ಮಾಡಿದರು. ಬೆಂಕಿಕಡ್ಡಿ ಕೆತ್ತಿ ನಮ್ಮ ಬೀದಿಯ ಜನವನ್ನೆಲ್ಲ ಮಾಡಿ ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿದರು. ಜೋಡಿದಾರರು ಬಗ್ಗಿ ಏನನ್ನೋ ಹುಡುಕುತ್ತಿದ್ದಾರೆ, ಸಾವಂತ್ರಮ್ಮ ದಾರದ ಉಂಡೆ ಹಿಡಿದಿದ್ದಾರೆ.

"ನಾನೆಲ್ಲಿ?" ಎಂದು ಕೇಳಿದೆ.

"ನೀನು ಅಡುಗೆಮನೆ ಸ್ಟೇಷನ್ನಲ್ಲಿ ಒಳಗಡೆ ಇದೀಯ, ಹೊರಗೆ ಕಾಣಲ್ಲ," ಎಂದರು.

ಅಡುಗೆಮನೆ ಸ್ಟೇಷನ್ ಎಂದದ್ದು ತಮಾಷೆಗಲ್ಲ. ತಿರುವು ಬಿಗಿಯಾದರೆ ಡಬ್ಬಿಗಳು ಹಳಿ ಬಿಟ್ಟು ಮಗುಚಿಕೊಳ್ಳುತ್ತವಂತೆ. ಅಗಲವಾಗಿ ತಿರುಗಿಸಲು ಮೇಜು ಸಾಲದೆ ಗೋಡೆಗೆ ತೂತು ಹೊಡೆದು ಹಳಿಯನ್ನು ಅಡುಗೆಮನೆಗೆ ನುಗ್ಗಿಸಿದರು. ಅಲ್ಲಿ ಅದು ಉಪ್ಪಿನಕಾಯಿ ಜಾಡಿಗಳ ಹಿಂದಿನಿಂದ ಸುತ್ತಿ, ಮತ್ತೆ ಮೇಜಿಗೆ ಬಂದು, ಬೆಟ್ಟ ಹತ್ತಿ ಇಳಿಯುತ್ತಿತ್ತು. ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಸೀಮೆಎಣ್ಣೆ ಬಟ್ಟೆಯಲ್ಲಿ ಹಳಿ ಒರೆಸುವುದು, ಸಂಜೆ ಬಂದು ಚಕ್ರ ಒರೆಸುವುದು, ಭಾನುವಾರ ಮಗುಚಿದ್ದನ್ನೆಲ್ಲ ಎತ್ತಿ ನಿಲ್ಲಿಸುವುದು. ನಾವು ನೆಲದ ಮೇಲೆ ಕೂತು ಊಟ ಮಾಡುವುದನ್ನು ರೂಢಿ ಮಾಡಿಕೊಂಡೆವು. ಕಳೆದು ಚಿಕ್ಕದಾಗಿ ಸಿಕ್ಕಿದ್ದಕ್ಕೆ ಅವರು ಕೊಡುವ ಮರ್ಯಾದೆ ನೋಡಿ, ನಾನೂ ಒಮ್ಮೆ ಕಳೆದು ಬರಬೇಕು ಎನಿಸುತ್ತಿತ್ತು.

ಎಲ್ಲ ಇತ್ತು, ಇಂಜಿನ್ ಇರಲಿಲ್ಲ. ಇತ್ತು, ಹಲ್ಲುಪುಡಿ ಡಬ್ಬಿಗೆ ಹಾಳಾದ ಟೇಪ್ ರೆಕಾರ್ಡರಿನ ಮೋಟಾರು ಕೂಡಿಸಿ ಮಾಡಿದ್ದು. ಮೇಜಿನ ಮೇಲೆ ಸರಾಗ ಓಡುತ್ತಿತ್ತು. ಬೆಟ್ಟದ ಬುಡಕ್ಕೆ ಬಂದದ್ದೇ ಚಕ್ರ ತಿರುಗುತ್ತಿತ್ತು, ರೈಲು ಜಾರುತ್ತಿತ್ತು. ಆಗ ನಮ್ಮನೆಯವರು ಬೆರಳಿನಿಂದ ಮೆಲ್ಲಗೆ ಹಿಂದಿನಿಂದ ನೂಕಬೇಕಿತ್ತು. ಸಂಜೆ ನೋಡಲು ಬಂದ ಬೀದಿಯ ಜನ ಸ್ಟೇಷನ್ ಹೊಗಳುತ್ತಿದ್ದರು, ಕೆರೆ ಹೊಗಳುತ್ತಿದ್ದರು, ಬೆರಳು ಬಂದ ಕೂಡಲೇ ಕೆಮ್ಮಿ ಬೇರೆ ಕಡೆ ನೋಡುತ್ತಿದ್ದರು. ಜೋಡಿದಾರರಿಗೆ ಅಷ್ಟು ನಾಜೂಕಿಲ್ಲ. "ಏನ್ರೀ ರಂಗಧಾಮಯ್ಯ, ರೈಲಿಗೆ ಎತ್ತು ಕಟ್ಟಿದ ಹಾಗಾಯ್ತಲ್ರೀ," ಎಂದುಬಿಟ್ಟರು. ಎಲ್ಲರೂ ಹೋದ ಮೇಲೆ ಇವರು ತಮ್ಮ ಬೆರಳನ್ನೇ ನೋಡುತ್ತಾ ಕೂತರು.

"ಒಂದು ನಿಜವಾದ ಇಂಜಿನ್ ಇದ್ದಿದ್ರೆ," ಎಂದರು. "ಒಂದು ಚಮಚ ನೀರು, ನಾಲ್ಕು ಚೂರು ಇದ್ದಿಲು. ಬುಸುಬುಸು ಅಂತ ಹತ್ತಿಬಿಡೋದು."

ಇಂಜಿನ್ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಕಷ್ಟ ಅಲ್ಲೇ ಇದ್ದದ್ದು.

ಅದರ ಕಥೆ ಹೇಳಬೇಕು. ನಾನು ಮದುವೆಯಾಗಿ ಬಂದಾಗ ಅತ್ತೆಮನೆ ತುಂಬ ಜನ. ಗಂಡ ಹೆಂಡತಿ ಎರಡು ಮಾತಾಡೋಣವೆಂದು ಹಿತ್ತಲಿಗೆ ಹೋದರೆ ಅಲ್ಲೂ ಒಬ್ಬ ಸೋದರತ್ತೆ ಕೂತು ಅವರೆಕಾಯಿ ಸುಲಿಯುತ್ತಿರುತ್ತಿದ್ದರು. ನಮ್ಮನೆಯವರು ನನ್ನೊಡನೆ ಇನ್ನೂ ಒಂದು ಮಾತೂ ಆಡಿರಲಿಲ್ಲ. ಒಂದು ಭಾನುವಾರ ದೇವಸ್ಥಾನಕ್ಕೆ ಎಂದು ಮನೆಯವರಿಗೆ ಸುಳ್ಳು ಹೇಳಿ ಕರೆದುಕೊಂಡು ಹೊರಟರು. ನಾನು ತಲೆ ತಗ್ಗಿಸಿಕೊಂಡು ಹಿಂದೆ ಹಿಂದೆ ನಡೆದೆ. ಕಾಲುವೆ ದಾಟಿ, ಪೊದೆ ಸರಿಸಿ ತೋರಿಸಿದರು. ಸುಣ್ಣದ ಗೂಡಿನವರು ಕೆಲಸ ಮುಚ್ಚಿದಾಗ ಬಿಟ್ಟುಹೋದ ಪುಟ್ಟ ಉಗಿ ಇಂಜಿನ್, ತುಂಡು ಹಳಿಯ ಮೇಲೆ ಒಂಟಿಯಾಗಿ ನಿಂತಿತ್ತು. ಊರಿನವರೆಲ್ಲ ಅದನ್ನು ಮರೆತಿದ್ದರು. ನನ್ನನ್ನು ಕೈಹಿಡಿದು ಒಳಗೆ ಹತ್ತಿಸಿದರು. ಕೂರುವ ಜಾಗವೆಲ್ಲ ಮಸಿ. ಅಲ್ಲೇ ಬಿದ್ದಿದ್ದ ಗೋಣಿಚೀಲವನ್ನು ಕೊಡವಿ, ಮಡಿಸಿ, ಹಾಸಿ, ಕೂತುಕೋ ಎಂದು ಸನ್ನೆ ಮಾಡಿದರು. ಕೂತೆ. ಅವರು ಎದುರಿಗೆ ನಿಂತರು. ಏನು ಹೇಳುತ್ತಾರೋ ಎಂದು ನನ್ನ ಎದೆ ಡವಡವ ಎನ್ನುತ್ತಿತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡು ಹೇಳಿದರು.

"ಇದಕ್ಕೆ ಆರು ಚಕ್ರ ಇವೆ."

"ಹೌದಾ," ಎಂದೆ ನಾನು.

ನಮ್ಮ ದಾಂಪತ್ಯ ಶುರುವಾದದ್ದು ಹೀಗೆ. ಎಂಥವರನ್ನು ಕಟ್ಟಿಕೊಂಡೆನಪ್ಪಾ ಎಂದು ಅವತ್ತು ಅನಿಸಿತು. ಆದರೆ ಸೀರೆಗೆ ಒಂದು ಚುಕ್ಕೆ ಮಸಿ ಹತ್ತಿರಲಿಲ್ಲ. ಆಮೇಲೆ ನಮಗೆ ಬೇರೆ ಮನೆಯಾಯಿತು, ಮಾತಾಡಲು ಜಾಗವಾಯಿತು, ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ. ಅವರು ಮಾತ್ರ ಭಾನುವಾರ ಸಂಜೆ ಹೋಗಿ, ಅದರ ಕೀಲುಗಳಿಗೆ ಎಣ್ಣೆ ಬಿಟ್ಟು ಬರುತ್ತಿದ್ದರು.

ಈಗ ನೋಡಿ ಫಜೀತಿ. ಊರೆಲ್ಲ ಮರೆತ ಇಂಜಿನ್, ಕಳೆದುಹೋಗಲು ತುದಿಗಾಲಲ್ಲಿ ನಿಂತಿದೆ. ಅದು ಬೇಕೆಂದು ಹಂಬಲಿಸುವ ಮನುಷ್ಯನೇ ಅದನ್ನು ನೆನಪಿಟ್ಟುಕೊಂಡು ಹಿಡಿದಿಟ್ಟಿದ್ದಾನೆ. ಬೇಕಾದರೆ ಮರೆಯಬೇಕು, ಬೇಕು ಎನಿಸುವವರೆಗೂ ಮರೆಯಲಾಗುವುದಿಲ್ಲ. ಅವರು ಚೌಡಪ್ಪ ಮೇಷ್ಟ್ರನ್ನು ಪಾಠಕ್ಕೆಂದು ಮನೆಗೆ ಕರೆದರು. ಇಂಜಿನ್ ಇರುವ ಜಾಗ ಮಾತ್ರ ಹೇಳಲಿಲ್ಲ. ಹೇಳಿದ್ದರೂ ಮೇಷ್ಟ್ರಿಗೆ ಮರುದಿನದವರೆಗೆ ನಿಲ್ಲುತ್ತಿರಲಿಲ್ಲ ಬಿಡಿ.

"ಮರೀತೀನಿ ಅಂತ ಹೊರಟರೆ ಆಗಲ್ಲ ರಂಗಧಾಮಯ್ಯನೋರೇ," ಎಂದು ಮೇಷ್ಟ್ರು ನಮ್ಮ ನಡುಮನೆಯಲ್ಲಿ ಕೂತು ಉಪದೇಶ ಮಾಡಿದರು. "ಗೋಡೆಯಿಂದ ಮೊಳೆ ಕೀಳೋದು ಹೇಗೆ ಹೇಳಿ. ಮೊಳೆ ಹಿಡಿದು ಎಳೆದರೆ ಬರಲ್ಲ. ಸುತ್ತ ಗಾರೆ ಸಡಿಲ ಮಾಡಬೇಕು. ಆ ವಸ್ತು ತಂಟೆಗೆ ಹೋಗಬೇಡಿ. ಅದರ ಸುತ್ತಮುತ್ತ ಇರೋದನ್ನ ಒಂದೊಂದಾಗಿ ಬಿಡ್ತಾ ಬನ್ನಿ. ಯಾವ ದಾರಿ, ಯಾವ ವಾರ, ಜೊತೆಗೆ ಯಾರಿದ್ರು. ಆಮೇಲೆ ಮೊಳೆ ತಾನಾಗೇ ಉದುರತ್ತೆ."

ನಾನು ಒಳಗೆ ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುತ್ತಿದ್ದೆ. ಜೊತೆಗೆ ಯಾರಿದ್ದರು ಎಂಬ ಮಾತು ಕಿವಿಗೆ ಬಿತ್ತು. ಆಗ ಅದರ ಕಡೆ ಗಮನ ಕೊಡಲಿಲ್ಲ.

ನಮ್ಮನೆಯವರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಭಾನುವಾರ ಹೊರಗೆ ಹೋಗುವುದನ್ನು ನಿಲ್ಲಿಸಿದರು. ಎಣ್ಣೆಡಬ್ಬಿಯನ್ನು ಯಾರಿಗೋ ಕೊಟ್ಟರು. ಕಾಲುವೆ ಎಂಬ ಮಾತು ಬಂದರೆ ಎದ್ದು ಹೋಗುತ್ತಿದ್ದರು. ಅಕ್ಕಪಕ್ಕದ ಗಾರೆಯೂ ಉದುರತೊಡಗಿತು. ಒಂದು ಕಾಲಿನ ಚಪ್ಪಲಿ ಕಳೆಯಿತು, ಕನ್ನಡಕ ಕಳೆಯಿತು, ಮತ್ತೆ ಮಾಡಿಸಿದ್ದೂ ಕಳೆಯಿತು. ಅವನ್ನೆಲ್ಲ ನಾನೇ ಜರಡಿಯಿಂದ ಆರಿಸಿ ಕೊಟ್ಟೆ, ಅವರು ಸಂತೋಷದಿಂದ ಬೆಂಕಿಕಡ್ಡಿಯ ಜನರ ಕಾಲಿಗೂ ಮೂಗಿಗೂ ಏರಿಸಿದರು. ಅಂಗಡಿಯಲ್ಲಿ ಲಕ್ಷ್ಮಿಯ ಪಟ ಕೊಟ್ಟವರಿಗೆ ಗಣಪತಿಯ ಕಟ್ಟು ಹೋಯಿತು. ಗಿರಾಕಿಗಳು ಬೈದುಕೊಳ್ಳುತ್ತಾ ಪೂಜೆ ಮಾಡಿದರು.

ಒಂದು ಸಂಜೆ ಕಾಫಿ ಕೊಡುತ್ತಾ ಸುಮ್ಮನೆ ಅಂದೆ. "ಅವತ್ತು ದೇವಸ್ಥಾನಕ್ಕೆ ಅಂತ ಸುಳ್ಳು ಹೇಳಿ ಕರ್ಕೊಂಡು ಹೋದ್ರಲ್ಲ, ನಿಮ್ಮ ಸೋದರತ್ತೆಗೆ ಅದು ಕೊನೇವರೆಗೂ ಗೊತ್ತಾಗ್ಲೇ ಇಲ್ಲ."

"ಯಾವತ್ತು?" ಎಂದರು. "ಎಲ್ಲಿಗೆ?"

ನಟನೆಯಲ್ಲ. ಅವರಿಗೆ ನಟಿಸಲು ಬರುವುದಿಲ್ಲ. ಲೋಟ ಕೆಳಗಿಟ್ಟು ಅಡುಗೆಮನೆಗೆ ಹೋಗಿ, ಉಪ್ಪಿನಕಾಯಿ ಜಾಡಿಗಳ ಹಿಂದಿನ ಹಳಿಯನ್ನು ನೋಡುತ್ತಾ ನಿಂತೆ. ಇಡೀ ಜನ್ಮದಲ್ಲಿ ನಮ್ಮಿಬ್ಬರದೇ ಎಂದು ಇದ್ದದ್ದು ಅದೊಂದು ಭಾನುವಾರ. ಅದನ್ನು ಹಳಿ ಒರೆಸಿದ ಬಟ್ಟೆಯ ಹಾಗೆ ಹಿಂಡಿ ಒಣಹಾಕಿದ್ದರು.

ಅವರೂ ಹ್ಯಾಪುಮೋರೆ ಹಾಕಿಕೊಂಡು ಹಿಂದೆಯೇ ಬಂದರು. "ನಾನು ಏನನ್ನೋ ಮರೀಬೇಕಿತ್ತು ಕಣೇ. ಏನು ಅದು?"

"ಮರೆತಾಯ್ತಲ್ಲ, ಬಿಡಿ."

"ಮರೆತಾಗಿದ್ರೆ ಬರಬೇಕಿತ್ತು."

"ಏನು ಬರಬೇಕಿತ್ತು?"

"ಅದೇ ಗೊತ್ತಾಗ್ತಿಲ್ಲ."

ಅವರು ಪಕ್ಕದ ಮನೆಗೆ ಹೋಗಿ ಮೇಷ್ಟ್ರನ್ನು ಕರೆತಂದರು. ಮೇಷ್ಟ್ರು ಗಲ್ಲ ಕೆರೆದುಕೊಂಡು, "ನೀವು ಪಾಸಾಗಿದೀರಿ. ಬರಲಿಲ್ಲ ಅಂದ್ರೆ ಇನ್ಯಾರಿಗೋ ನೆನಪಿದೆ," ಎಂದರು. ಇಬ್ಬರೂ ನನ್ನ ಕಡೆ ತಿರುಗಿದರು.

"ಹೌದು, ನನಗೆ ನೆನಪಿದೆ," ಎಂದೆ. "ನಾನು ಮರೆಯೋದಿಲ್ಲ. ನಿಮ್ಮ ರೈಲು ಬೆಟ್ಟ ಹತ್ತದಿದ್ರೆ ಬೇಡ."

ಅವರು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಮರುದಿನ ಮೇಜಿನ ಮೇಲೆ ಹಳೆಯ ಪಂಚೆ ಹೊದಿಸಿದರು. ಸಂಜೆ ನೋಡಲು ಬಂದವರನ್ನು "ರಿಪೇರಿ ಇದೆ" ಎಂದು ಸಾಗಹಾಕಿದರು. ಹಳಿ ಒರೆಸುವ ಬಟ್ಟೆ ಮೊಳೆಯ ಮೇಲೆ ಬಿರುಸಾಗಿ ಒಣಗಿತು. ಅವರಿಗೆ ತಾವು ಬಯಸಿದ್ದು ಏನನ್ನು ಎಂದು ಗೊತ್ತಿಲ್ಲ, ಸಿಗಲಿಲ್ಲ ಎಂಬುದು ಮಾತ್ರ ಗೊತ್ತು. ಆ ಮುಖವನ್ನು ನೋಡಲು ನನ್ನಿಂದಾಗಲಿಲ್ಲ. ಅಷ್ಟು ಹೊತ್ತಿಗೆ ನನಗೂ ಪೀಕಲಾಟ. ಒಂದು ಕಡೆ ಇವರ ಇಂಜಿನ್, ಇನ್ನೊಂದು ಕಡೆ ನನ್ನ ಭಾನುವಾರ.

ಕೊನೆಗೆ ಒಂದು ಉಪಾಯ ಹೊಳೆಯಿತು. ಇವರನ್ನೇ ಅಲ್ಲಿಗೆ ಕರೆದುಕೊಂಡು ಹೋಗಿ, ಹತ್ತಿಸಿ, ಎಲ್ಲವನ್ನೂ ನೆನಪಿಗೆ ತಂದುಬಿಡುವುದು. ರೈಲು ಹಾಳಾಗಿ ಹೋಗಲಿ.

ಬೆಳಗ್ಗೆ ತಿಂಡಿ ಮುಗಿಸಿ, "ಹೊರಡಿ, ಒಂದು ಕಡೆ ಹೋಗ್ಬೇಕು," ಎಂದೆ. ಎಲ್ಲಿಗೆ ಎಂದು ಕೇಳದೆ ಹೆಗಲಿಗೆ ಟವಲು ಹಾಕಿಕೊಂಡು ಹೊರಟರು. ಈ ಸಲ ನಾನು ಮುಂದೆ, ಅವರು ಹಿಂದೆ. ಪೇಟೆಬೀದಿ ದಾಟಿ, ಕಾಲುವೆಯ ಸೇತುವೆ ದಾಟಿ, ಜಂಬದಿಂದ ಕಾಲು ಹಾಕಿದೆ. ಸೇತುವೆಯಾಚೆ ಎರಡು ದಾರಿ ಇದ್ದವು. ಎಡಕ್ಕೆ ಹೋದೆ, ಜೋಳದ ಹೊಲ ಬಂತು. ಹಿಂದಿರುಗಿ ಬಲಕ್ಕೆ ಹೋದೆ, ಯಾರದೋ ತೆಂಗಿನ ತೋಟದ ಬೇಲಿ ಬಂತು. ಸುಣ್ಣದ ಗೂಡಿನ ಗುರುತೇ ಇಲ್ಲ. ಪೊದೆಗಳು ಎಲ್ಲ ಕಡೆಯೂ ಇದ್ದವು, ಒಂದೊಂದನ್ನೂ ಸರಿಸಿ ನೋಡಿದೆ. ಓತಿಕ್ಯಾತಗಳು ಓಡಿದವು.

"ಏನು ಹುಡುಕ್ತಾ ಇದೀಯ?" ಎಂದರು.

"ಇಲ್ಲೇ ಎಲ್ಲೋ ಇದೆ," ಎಂದೆ.

ಹಾಗೆಂದ ಮೇಲೆ ಜೋಡಿದಾರರ ನೆನಪಾಯಿತು. ಬಿಸಿಲಿನಲ್ಲಿ ನಿಂತು ಯೋಚಿಸಿದೆ. ಅವತ್ತು ಅವರು ಉಟ್ಟಿದ್ದ ಪಂಚೆಯ ಅಂಚು ನೆನಪಿದೆ, ಗೋಣಿಚೀಲದ ವಾಸನೆ ನೆನಪಿದೆ, ಗಂಟಲು ಸರಿಮಾಡಿಕೊಂಡ ಸದ್ದೂ ನೆನಪಿದೆ. ದಾರಿ ಮಾತ್ರ ಇಲ್ಲ. ಇರುವುದಾದರೂ ಹೇಗೆ? ಹೊಸ ಮದುವಣಗಿತ್ತಿ, ಹೋಗುವಾಗಲೂ ಬರುವಾಗಲೂ ತಲೆ ಎತ್ತಲಿಲ್ಲ. ನಾನು ನೋಡಿದ್ದು ಅವರ ಹಿಮ್ಮಡಿಯನ್ನು, ಎಡಗಡೆಯದರಲ್ಲಿದ್ದ ಒಂದು ಒಡಕನ್ನು. ಮರೆಯುವುದಿಲ್ಲ ಎಂದು ಇಬ್ಬರ ಮುಂದೆ ಎದೆ ತಟ್ಟಿಕೊಂಡು ಹೇಳಿದವಳಿಗೆ ಆ ಜಾಗ ಎಂದೂ ಗೊತ್ತೇ ಇರಲಿಲ್ಲ. ಗೊತ್ತಿದೆ ಎಂಬ ಹಮ್ಮು ಒಂದೇ ಇದ್ದದ್ದು.

ನನಗೆ ಅಳು ಬಂತು. ಕಾಲುವೆಯ ಏರಿಯ ಮೇಲೆ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವರಿಗೆ ಪಾಪ, ಏನೂ ತಿಳಿಯದು. ಸುತ್ತ ನೋಡಿದರು. ಅಲ್ಲೊಂದು ಕಲ್ಲು ಇತ್ತು, ಮೇಲೆಲ್ಲ ಕೆಸರು ಒಣಗಿತ್ತು. ಹೆಗಲ ಮೇಲಿನ ಟವಲನ್ನು ತೆಗೆದು, ಕೊಡವಿ, ಮಡಿಸಿ ಕಲ್ಲಿನ ಮೇಲೆ ಹಾಸಿದರು.

"ಕೂತ್ಕೋ," ಎಂದರು. "ಸೀರೆ ಕೊಳೆಯಾಗತ್ತೆ."

ನಾನು ಕೂತೆ. ಅವರು ಎದುರಿಗೆ ನಿಂತುಕೊಂಡರು. ಯಾರೂ ಹೇಳಿಕೊಟ್ಟದ್ದಲ್ಲ, ನೆನಪಿನಿಂದ ಮಾಡಿದ್ದೂ ಅಲ್ಲ. ಚೌಡಪ್ಪ ಮೇಷ್ಟ್ರ ಪಾಠ ಅಲ್ಲಿಯವರೆಗೆ ಇಳಿದಿರಲಿಲ್ಲ. ಸ್ವಲ್ಪ ಹೊತ್ತು ಕಾಲುವೆಯ ನೀರು ನೋಡುತ್ತಾ ಕೂತು ಕಣ್ಣೊರೆಸಿಕೊಂಡೆ. ಆಮೇಲೆ ಎದ್ದು, ದಾರಿಗೆ ಮುಖ ಮಾಡಿ ನಿಂತು, ಆಚೆ ಬಟ್ಟೆ ಒಗೆಯುತ್ತಿದ್ದವರಿಗೆಲ್ಲ ಕೇಳುವಂತೆ, ಮನಸ್ಸಿನಲ್ಲೂ ಹಾಗೇ ಒಪ್ಪಿಕೊಂಡು ಹೇಳಿದೆ. "ಕಳೆದುಹೋಯ್ತು."

ಆಡು ಮೇಯಿಸುತ್ತಿದ್ದ ಮುದುಕನೊಬ್ಬ ನಿಂತು ಕೇಳಿದ. "ಏನು ಕಳೀತವ್ವಾ?"

"ಇಂಜಿನ್ನು."

"ಓ, ದೊಡ್ಡದೇಯ," ಎಂದ ಆತ. "ಗುಡಿಸುವಾಗ ಸಂದಿಗೊಂದಿ ನೋಡಿ ಗುಡಿಸಿ, ಅಷ್ಟೇ."

ಮರುದಿನ ಬೆಳಗ್ಗೆ ಗುಡಿಸುವಾಗ ಮೇಜಿನ ಅಡಿಯಿಂದ ಕಸಬರಿಕೆಗೆ ಏನೋ ತಗಲಿ ಉರುಳಿತು. ಒಣಗಿದ ಬೆಂಡೆಕಾಯಿ ಎಂದುಕೊಂಡೆ. ಜಗಲಿಯಲ್ಲಿ ಕೂತು ಜರಡಿ ಆಡಿಸಿದರೆ ಧೂಳು ಇಳಿದು ಕಪ್ಪಗೆ, ಎಣ್ಣೆ ಮಿರುಗುತ್ತಾ ಇಂಜಿನ್ ಉಳಿಯಿತು. ಎತ್ತಿ ಅಂಗೈಯಲ್ಲಿಟ್ಟುಕೊಂಡೆ. ತಣ್ಣಗಿತ್ತು. ಇವರು ಪಟ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿ ತಂದು ಒಳಗೆ ಬಗ್ಗಿ ನೋಡಿದೆ. ಕೂರುವ ಕಡೆ ಗೋಣಿಚೀಲ ಇತ್ತು, ಎಳ್ಳಿನ ಸಿಪ್ಪೆಯಷ್ಟು, ಮಡಿಸಿದ್ದು ಮಡಿಸಿದ ಹಾಗೇ. ಅಷ್ಟು ವರ್ಷ ಭಾನುವಾರ ಭಾನುವಾರ ಹೋಗಿ ಎಣ್ಣೆ ಬಿಡುತ್ತಿದ್ದವರು ಅದನ್ನು ಎತ್ತಿ ಎಸೆದಿರಲಿಲ್ಲ. ನನಗೆ ಒಂದು ದಿನವೂ ಹೇಳಿರಲಿಲ್ಲ.

ಮೊದಲು ಅದನ್ನು ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆಯ ಅಡಿ ಬಚ್ಚಿಟ್ಟುಕೊಳ್ಳೋಣ ಎನಿಸಿದ್ದು ನಿಜ. ಸಿಕ್ಕಿದ್ದು ನನಗೆ, ಕಳೆದೆ ಎಂದು ಒಪ್ಪಿಕೊಂಡವಳೂ ನಾನೇ, ಪದ್ಧತಿಯ ಪ್ರಕಾರ ಒಡತಿ ನಾನೇ. ಡಬ್ಬಿಯ ಮುಚ್ಚಳ ತೆಗೆದೆ ಕೂಡ. ಅಷ್ಟರಲ್ಲಿ ನಡುಮನೆಯಲ್ಲಿ ಅವರು ಹೊದಿಸಿದ ಪಂಚೆಯ ಮೂಲೆ ಎತ್ತಿ, ಒಳಗೆ ಇಣುಕಿ, ಮತ್ತೆ ಮುಚ್ಚಿದ್ದು ಕಂಡಿತು. ಮುಚ್ಚಳ ಹಾಕಿ ಎದ್ದೆ.

ಪಂಚೆ ಸರಿಸಿ ಇಂಜಿನ್ನನ್ನು ಹಳಿಯ ಮೇಲೆ ಇಟ್ಟೆ. ಕೊಡೆ ಕಡ್ಡಿಯ ಹಳಿಗೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಅವರು ಉಸಿರು ಬಿಡದೆ ನೋಡಿದರು. ಯಾವುದು, ಎಲ್ಲಿಯದು ಎಂದು ಕೇಳಲಿಲ್ಲ. ಪೆನ್ನಿಗೆ ಶಾಯಿ ತುಂಬುವ ಪಿಳ್ಳೆಯಲ್ಲಿ ಒಂದೊಂದೇ ಹನಿ ನೀರು ಬಿಟ್ಟರು, ಇದ್ದಿಲನ್ನು ಸಣ್ಣಗೆ ಪುಡಿ ಮಾಡಿ ತುಂಬಿದರು, ಊದುಬತ್ತಿಯಿಂದ ಕಿಡಿ ಮುಟ್ಟಿಸಿದರು. ಹೊರಗೆ ಯಾರಿಗೆ ಹೇಗೆ ತಿಳಿಯಿತೋ, ಚೌಡಪ್ಪ ಮೇಷ್ಟ್ರು, ಸಾವಂತ್ರಮ್ಮ, ಜೋಡಿದಾರರು ಎಲ್ಲ ಬಾಗಿಲಲ್ಲಿ ಸೇರಿದರು. ಇಂಜಿನ್ ಬುಸ್ ಎಂದಿತು. ಡಬ್ಬಿಗಳನ್ನು ಎಳೆದುಕೊಂಡು ಸಿಂಹಾಸನದ ಮುಂದೆ ಹಾಯ್ದು, ಗೋಡೆಯ ತೂತಿನಲ್ಲಿ ನುಗ್ಗಿ, ಅಡುಗೆಮನೆ ಸ್ಟೇಷನ್ ದಾಟಿ ಬೆಟ್ಟದ ಬುಡಕ್ಕೆ ಬಂತು. ನಮ್ಮನೆಯವರ ಬೆರಳು ಅಭ್ಯಾಸಬಲದಿಂದ ಮುಂದೆ ಹೋಯಿತು. ನಾನು ಅದನ್ನು ಹಿಡಿದುಕೊಂಡೆ. ರೈಲು ಏದುಸಿರು ಬಿಡುತ್ತಾ, ಒಂದು ಕಡೆ ನಿಂತೇಬಿಟ್ಟಿತು ಎನ್ನುವಂತೆ ಮಾಡಿ, ತಾನಾಗಿಯೇ ಬೆಟ್ಟ ಹತ್ತಿ ಆಚೆಗಿಳಿಯಿತು. ಜೋಡಿದಾರರು ತಮ್ಮ ಟೋಪಿ ತೆಗೆದರು.

ಎಲ್ಲರೂ ಹೋದ ಮೇಲೆ ಇಂಜಿನ್ ತಣಿಯಲೆಂದು ಸ್ಟೇಷನ್ನಿನಲ್ಲಿ ನಿಲ್ಲಿಸಿದರು. ಭೂತಗನ್ನಡಿ ಹಿಡಿದು ಬಗ್ಗಿ, ಅದರ ಸುತ್ತ ಒಂದು ಸುತ್ತು ಬಂದು ನೋಡಿದರು. ನಾನು ಎದುರಿಗೆ ನಿಂತಿದ್ದೆ. ಒಳಗೆ ಗೋಣಿಚೀಲ ಕಂಡಿರಬೇಕು, ಅಲ್ಲಿ ಸ್ವಲ್ಪ ಹೊತ್ತು ನಿಂತರು. ಏನೋ ಹೇಳಲು ಹೊರಟವರಂತೆ ತಲೆ ಎತ್ತಿದರು. ಮತ್ತೆ ಬಗ್ಗಿದರು. ನನ್ನ ಎದೆ, ಈ ವಯಸ್ಸಿನಲ್ಲಿ, ಡವಡವ ಎನ್ನತೊಡಗಿತು. ಅವರು ಗಂಟಲು ಸರಿಮಾಡಿಕೊಂಡರು.

"ಇದಕ್ಕೆ ಆರು ಚಕ್ರ ಇವೆ," ಎಂದರು.

"ಹೌದಾ," ಎಂದೆ ನಾನು.